ಬುಗುರಿ ಎಂಬ ಹೆಸರಿನದು ಯಾವುದೂ ಇಲ್ಲ

ಹದಿನೇಳನೆಯ ಕೊಡೆಗೆ ಚೀಟಿ ಕಟ್ಟಿ, ಉಳಿದ ದಾರವನ್ನು ಅವಳು ಹಲ್ಲಿನಿಂದ ಕಡಿಯುತ್ತಿದ್ದಾಗ ಕಿಟಕಿಯಲ್ಲಿ ಗಂಡನ ಮುಖ ಕಾಣಿಸಿಕೊಂಡಿತು. ಬಸ್ ಡಿಪೋದ ಹಿಂಭಾಗದ ಆ ಕೋಣೆಗೆ 'ಕಳೆದು ಸಿಕ್ಕ ವಸ್ತುಗಳ ವಿಭಾಗ' ಎಂದು ಹೆಸರು. ಬಸ್ಸಿನಲ್ಲಿ ಜನ ಮರೆತು ಹೋದ ಕೊಡೆ, ಚೀಲ, ಒಂಟಿ ಚಪ್ಪಲಿ, ಕನ್ನಡಕ, ಊಟದ ಡಬ್ಬಿ ಎಲ್ಲವೂ ಅಲ್ಲಿಗೆ ಬಂದು, ಚೀಟಿ ಕಟ್ಟಿಸಿಕೊಂಡು, ತಮ್ಮ ಯಜಮಾನರಿಗಾಗಿ ತೊಂಬತ್ತು ದಿನ ಕಾಯುತ್ತಿದ್ದವು. ಅವುಗಳ ಜೊತೆ ಹದಿನಾಲ್ಕು ವರ್ಷದಿಂದ ಅವಳೂ ಅಲ್ಲೇ ಕೂತಿದ್ದಳು. ಡ್ರೈವರಿನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವಳು 'ಕೊಡೆಯಕ್ಕ'. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರೇನೋ ಇತ್ತು. ಸಂಬಳದ ದಿನ ಬಿಟ್ಟರೆ ಉಳಿದ ದಿನವೆಲ್ಲ ಅದಕ್ಕೆ ರಜೆ.

"ಲೇ, ಬೇಗ ಬಾ. ಕಳೆದುಹೋಗಿದೆ," ಎಂದ ಗಂಡ.

"ಏನು?"

"ಮಾಡ್ಯೂಲು."

"ಎಷ್ಟು?"

"ಅದೇ ಗೊತ್ತಾಗ್ತಿಲ್ಲ. ಸದ್ಯಕ್ಕೆ ಒಂದರ ಹೆಸರು ಹೇಳ್ತಾ ಇದೆ. ಇನ್ನೆಷ್ಟಿದೆಯೋ."

ಅವನು ಆ ಡಿಪೋದ ಸಿಸ್ಟಮ್ ಇನ್‌ಚಾರ್ಜು. ಡಿಪೋದಲ್ಲಿದ್ದದ್ದು ಒಂದೇ ಕಂಪ್ಯೂಟರು, ಅದರ ಮುಂದೆ ಒಂದೇ ತಿರುಗುವ ಕುರ್ಚಿ, ಅದರಲ್ಲಿ ಕೂರುವ ಹಕ್ಕು ಅವನೊಬ್ಬನದೇ. ಕಂಪ್ಯೂಟರು ಮಾಡುತ್ತಿದ್ದದ್ದೂ ಒಂದೇ ಕೆಲಸ. ಯಾವ ಡ್ರೈವರು, ಯಾವ ಕಂಡಕ್ಟರು, ಯಾವ ಬಸ್ಸು, ಎಷ್ಟು ಗಂಟೆಗೆ ಎಂಬ ಡ್ಯೂಟಿ ಪಟ್ಟಿಯನ್ನು ದಿನಾ ಅಚ್ಚು ಹಾಕಿ ಕೊಡುವುದು. ಇವನ ಕೆಲಸ ಒಂದು ಗುಂಡಿ ಒತ್ತುವುದು. ಅದನ್ನು ಅವನು ಒಂಬತ್ತು ವರ್ಷದಿಂದ ಒಂದು ದಿನವೂ ತಪ್ಪದೆ, ಎರಡು ಸಲ ಗಂಟಲು ಸರಿಮಾಡಿಕೊಂಡು, ಮಾಡಿಕೊಂಡು ಬಂದಿದ್ದ.

ಆ ಪ್ರೋಗ್ರಾಮ್ ಬರೆದವಳು ಅವಳು. ಯಾರೋ ಬಸ್ಸಿನಲ್ಲಿ ಬಿಟ್ಟುಹೋದ, ಇಟ್ಟಿಗೆಯಷ್ಟು ದಪ್ಪದ, ಹೆಬ್ಬಾವಿನ ಹೆಸರಿನ ಕಂಪ್ಯೂಟರ್ ಭಾಷೆಯೊಂದನ್ನು ಕಲಿಸುವ ಪುಸ್ತಕ ತೊಂಬತ್ತು ದಿನ ಕಳೆದರೂ ಯಾರಿಗೂ ಬೇಡವಾಗಿತ್ತು. ಗಂಡ ಆಗ ಡ್ಯೂಟಿ ಪಟ್ಟಿಯನ್ನು ಚಾಪೆಯಗಲದ ಕಾಗದದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಬರೆಯುವುದಕ್ಕಿಂತ ಹೆಚ್ಚು ಅಳಿಸುತ್ತಿದ್ದ. ಅಳಿಸುವುದಕ್ಕಿಂತ ಹೆಚ್ಚು ಮನೆಯವರ ಮೇಲೆ ಕೂಗಾಡುತ್ತಿದ್ದ. ಕೂಗಾಟ ತಡೆಯಲಾರದೆ ಅವಳು ಆ ಪುಸ್ತಕ ತೆರೆದಳು. ಊಟದ ಬಿಡುವಿನಲ್ಲಿ ಹದಿನಾಲ್ಕು ತಿಂಗಳು ಕೂತು, ತಪ್ಪುತ್ತ ತಿದ್ದುತ್ತ ಬರೆದು ಮುಗಿಸಿದಳು. ಗಂಡ ಅದನ್ನು ಮ್ಯಾನೇಜರಿಗೆ ತೋರಿಸಿದ. ಮೊದಲ ತಿಂಗಳು "ನಾವು ಮಾಡಿದ್ದು ಸಾರ್" ಎಂದ. ಎರಡನೇ ತಿಂಗಳು "ನಾನು ಮಾಡಿದ್ದು." ಮೂರನೇ ತಿಂಗಳಿಂದ "ನನ್ನ ಪ್ರೋಗ್ರಾಮ್ ಇದೆಯಲ್ಲ, ಅದು." ವ್ಯಾಕರಣದ ಈ ಬದಲಾವಣೆಯನ್ನು ಅವಳು ಕೊಡೆಗೆ ಚೀಟಿ ಕಟ್ಟುತ್ತಲೇ ಕೇಳಿಸಿಕೊಂಡಿದ್ದಳು. ಪಟ್ಟಿಯ ಅಡಿಯಲ್ಲಿ 'ತಯಾರಿಸಿದವರು: ಸಿಸ್ಟಮ್ ಇನ್‌ಚಾರ್ಜ್' ಎಂಬ ಸಾಲು ಬರುವಂತೆ ಮಾಡಿದ್ದೂ ಅವಳೇ. ಅವನು ಕೇಳಿದ್ದ. ಮನೆ ಶಾಂತವಾಗಿರಲಿ ಎಂದು ಇವಳು ಬರೆದಿದ್ದಳು.

ಈಗ ಗುರುವಾರ ಕೇಂದ್ರ ಕಚೇರಿಯಿಂದ ಹಿರಿಯ ಅಧಿಕಾರಿಯೊಬ್ಬರು ಬರುವವರಿದ್ದರು. ಪ್ರೋಗ್ರಾಮ್ ಅವರಿಗೆ ಒಪ್ಪಿಗೆಯಾದರೆ ಎಲ್ಲ ಡಿಪೋಗಳಿಗೂ ಅದೇ. ಅದನ್ನು ಬರೆದವರಿಗೆ ಕೇಂದ್ರ ಕಚೇರಿಯಲ್ಲಿ ಒಂದು ಕುರ್ಚಿ, ಬಾಗಿಲ ಮೇಲೆ ಹೆಸರಿನ ಫಲಕ. ಫಲಕದ ಅಕ್ಷರ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ ಎಂದು ಗಂಡ ಹತ್ತು ದಿನದಿಂದ ಮನೆಯಲ್ಲಿ ಚರ್ಚೆ ನಡೆಸಿದ್ದ.

ಅನಾಹುತ ಶುರುವಾದದ್ದು ಶನಿವಾರ. "ನೋಡೇ, ಪರದೆ ಮೇಲೆ ಮೂರು ಪಾಯಿಂಟ್ ಆರು ಅಂತ ಬರುತ್ತೆ. ಅದು ಆ ಹೆಬ್ಬಾವಿನ ಭಾಷೆಯ ಹಳೇ ಕಾಲದ ಆವೃತ್ತಿಯಂತೆ. ಅಷ್ಟು ದೊಡ್ಡ ಅಧಿಕಾರಿ ಮುಂದೆ ಹಳೇ ಬನಿಯನ್ ಹಾಕ್ಕೊಂಡು ನಿಲ್ಲೋಕಾಗುತ್ತಾ?"

"ಯಾರೂ ನೋಡಲ್ಲ ರೀ. ನಡೀತಾ ಇದೆಯಲ್ಲ, ಕೈ ಹಾಕ್ಬೇಡಿ."

"ಮೂರು ಪಾಯಿಂಟ್ ಹನ್ನೆರಡು ಅಂತ ಒಂದು ಇದೆ..." ಎಂದವನು ಅಲ್ಲೇ ನಿಂತ. "ತಡಿ. ಪಾಯಿಂಟ್ ಹನ್ನೆರಡು ಪಾಯಿಂಟ್ ಆರಕ್ಕಿಂತ ಚಿಕ್ಕದಲ್ವಾ? ಇದು ಬಡ್ತಿಯೋ ಹಿಂಬಡ್ತಿಯೋ?"

ಇದು ದಶಮಾಂಶ ಅಲ್ಲ, ಆರನೆಯದು, ಹನ್ನೆರಡನೆಯದು ಅಂತ ಎಣಿಕೆ, ಎಂದು ಅವಳು ಹೇಳಿದಳು. "ನನಗೆ ಗೊತ್ತಿತ್ತು, ನಿನಗೆ ಗೊತ್ತಾ ಅಂತ ನೋಡಿದೆ," ಎಂದು ಅವನು ಭಾನುವಾರ ಆಫೀಸಿಗೆ ಹೋಗಿ ಹನ್ನೆರಡನೆಯದನ್ನು ಹಾಕಿಯೇ ಬಂದ. ಬರೀ ಹಾಕಿದ್ದರೆ ಚಿಂತೆಯಿರಲಿಲ್ಲ. ಹಳೆಯದು ಇನ್ನು ಯಾಕೆ ಎಂದು ಅದರ ಫೋಲ್ಡರನ್ನು ಪೂರ್ತಿ ಅಳಿಸಿದ್ದ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದ. ಮನೆಯಲ್ಲಿ ಕುಡಿದ ಲೋಟ ಕುಡಿದ ಜಾಗದಲ್ಲೇ ಬಿಡುವ ಮನುಷ್ಯನಿಗೆ ಆ ಭಾನುವಾರ ಶುಚಿತ್ವ ಮೈಮೇಲೆ ಬಂದಿತ್ತು.

ಸೋಮವಾರ ಗುಂಡಿ ಒತ್ತಿದರೆ ಪಟ್ಟಿಯಿಲ್ಲ. ಕೆಂಪು ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇಂಥ ಹೆಸರಿನ ಮಾಡ್ಯೂಲ್ ಇಲ್ಲ ಎಂಬ ಒಂದೇ ಸಾಲು. ಅದನ್ನು ನೋಡಿಯೇ ಅವನು ಕಿಟಕಿಗೆ ಓಡಿ ಬಂದದ್ದು.

"ಮಾಡ್ಯೂಲ್ ಅಂದ್ರೆ ಪ್ರೋಗ್ರಾಮಿಗೆ ಬೇಕಾದ ಸಾಮಾನು," ಎಂದು ಕಿಟಕಿಯ ಈಚೆಯಿಂದ ಅವಳು ಹೇಳಿದಳು. "ನೀವು ಹೊಸ ಮನೆಗೆ ಬಂದಿದ್ದೀರಿ, ಪಾತ್ರೆ ಪಡಗ ಎಲ್ಲ ಹಳೇ ಮನೆಯಲ್ಲೇ ಉಳಿದಿದೆ. ಒಂದೊಂದಾಗಿ ತಂದು ಜೋಡಿಸಬೇಕು. ಅಷ್ಟೇ."

"ಹಳೇ ಮನೆ ಒಡೆಸಿಬಿಟ್ಟೆನಲ್ಲ!"

"ಹೊರಗಿನ ಸಾಮಾನಿಗೆ ಅಡ್ಡಿಯಿಲ್ಲ, ಇಂಟರ್ನೆಟ್ಟಿನಿಂದ ಮತ್ತೆ ತರಿಸಬಹುದು." ಅವಳು ಒಂದು ಕೊಡೆಯ ಚೀಟಿಯ ಹಿಂದೆ ಏನು ಟೈಪು ಮಾಡಬೇಕೆಂದು ಬರೆದುಕೊಟ್ಟಳು. ಅವನು ಅದನ್ನು ಅಂಗಿಯ ಒಳಜೇಬಿನಲ್ಲಿ, ಹೆಂಡತಿಯ ಕೈಬರಹ ಯಾರಿಗೂ ಕಾಣದಂತೆ ಇಟ್ಟುಕೊಂಡು ಹೋದ.

ಹಾಗೆ ದಿನಾಂಕ ಲೆಕ್ಕ ಹಾಕುವ ಮಾಡ್ಯೂಲು ಬಂತು. ಮಧ್ಯಾಹ್ನದ ಚೀಟಿಗೆ ಪುಟ ಅಚ್ಚು ಹಾಕುವ ಮಾಡ್ಯೂಲು ಬಂತು. ಮಂಗಳವಾರ ಬೆಳಿಗ್ಗೆ ಪರದೆ ಕೊನೆಯ ಹೆಸರು ಹೇಳಿತು: ಬುಗುರಿ ಎಂಬ ಹೆಸರಿನ ಮಾಡ್ಯೂಲ್ ಇಲ್ಲ. ಗಂಡ ಚೀಟಿಯಲ್ಲಿದ್ದಂತೆಯೇ ಅದನ್ನೂ ತರಿಸಲು ಹೋದ. ಯಂತ್ರ ಸ್ವಲ್ಪ ಹೊತ್ತು ಹುಡುಕಿ, ಅಂಥದ್ದು ಎಲ್ಲೂ ಇಲ್ಲ ಎಂದಿತು. ಅದು ಹೊರಗಿನ ಸಾಮಾನಲ್ಲ, ಅವಳೇ ಬರೆದು ಹಳೇ ಫೋಲ್ಡರಿನಲ್ಲಿ ಇಟ್ಟಿದ್ದದ್ದು.

"ಇಡೀ ಜಗತ್ತಿನಲ್ಲೇ ಬುಗುರಿ ಇಲ್ಲವಂತೆ!" ಎಂದು ಅವನು ಕೂಗಿದ್ದು ಗ್ಯಾರೇಜಿನವರೆಗೆ ಕೇಳಿಸಿತು.

ಮ್ಯಾನೇಜರ್ ಬಂದರು. ಅವರು ಟೈರು, ಬ್ಯಾಟರಿ, ಡೀಸೆಲ್ ಕಳ್ಳತನಗಳನ್ನು ಹಿಡಿದು ಮೇಲೆ ಬಂದವರು. 'ಇಲ್ಲ' ಎಂಬ ಮಾತಿಗೆ ಅವರ ನಿಘಂಟಿನಲ್ಲಿ ಒಂದೇ ಅರ್ಥ. ಐದು ನಿಮಿಷದಲ್ಲಿ ಗೇಟಿನ ಕಾವಲುಗಾರ, ಕಸ ಗುಡಿಸುವ ಅಜ್ಜಿ, ಸ್ಟೋರ್ ಕೀಪರ್, ಕೊಡೆಯಕ್ಕ ಎಲ್ಲರೂ ಕಂಪ್ಯೂಟರಿನ ಮುಂದೆ ಸಾಲಾಗಿ ನಿಂತರು.

"ಏನ್ರೀ ಇದು? ಕೆಲಸದ ವೇಳೆಯಲ್ಲಿ ಬುಗುರಿ ಆಡ್ತಿದ್ರಾ?"

"ಅಲ್ಲ ಸಾರ್," ಎಂದ ಗಂಡ. "ಇದು ಟೆಕ್ನಿಕಲ್ ಬುಗುರಿ."

"ಟೆಕ್ನಿಕಲ್ ಅಂದ್ರೆ ಬೆಲೆ ಜಾಸ್ತಿ. ಗೇಟಿನಿಂದ ಏನೇನು ಹೊರಗೆ ಹೋಯ್ತಯ್ಯಾ?"

"ಭಾನುವಾರ ಒಂದು ಟೈರು ಹೋಯ್ತು ಸಾರ್, ಅದಕ್ಕೆ ಚೀಟಿ ಇದೆ," ಎಂದ ಕಾವಲುಗಾರ. "ಬುಗುರಿ ಯಾವುದೂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ."

"ಭಾನುವಾರ ಇಲ್ಲಿ ಕಸ ಗುಡಿಸಿದವರು ಯಾರು?"

"ನಾನೇ ಸಾರ್," ಎಂದಳು ಅಜ್ಜಿ.

"ಏನೇನು ಗುಡಿಸಿದೆ?"

"ಕಸ."

"ಕಸದಲ್ಲಿ ಏನೇನಿತ್ತು?"

"ಕಸದಲ್ಲಿ ಕಸ ಇತ್ತು ಸಾರ್. ಬುಗುರಿ ಸಿಕ್ಕಿದ್ರೆ ಮೊಮ್ಮಗನಿಗೆ ಕೊಡ್ತಿರಲಿಲ್ವಾ?"

ಆ ಒಂದು ಮಾತಿಗೆ ಅಜ್ಜಿಯ ಕೈಚೀಲ ಮೇಜಿನ ಮೇಲೆ ಬರಿದಾಯಿತು. ಒಂದು ಬಾಚಣಿಗೆ, ಮಡಿಸಿದ ಹಳೇ ಸೀರೆಯ ತುಂಡು, ಖಾಲಿ ಊಟದ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದು ಮ್ಯಾನೇಜರ್ ಒಳಗೆ ಇಣುಕಿದರು. ಅಜ್ಜಿ ಗೋಡೆ ನೋಡುತ್ತ ನಿಂತಳು.

"ಸಾರ್, ಅದು ಕೈಯಲ್ಲಿ ಹಿಡಿಯುವ ವಸ್ತು ಅಲ್ಲ," ಎಂದಳು ಕೊಡೆಯಕ್ಕ. "ಬರವಣಿಗೆ ಅದು. ಅಜ್ಜಿಗೆ ಅದನ್ನ ಕದಿಯೋಕೆ ಬರೋದೇ ಇಲ್ಲ. ಅಳಿಸಿ ಹೋಗಿದೆ."

"ಅಳಿಸಿದವರು ಯಾರು?"

ಅವಳು ಗಂಡನ ಕಡೆ ನೋಡಿದಳು. ಗಂಡ ಕೀಬೋರ್ಡಿನ ಧೂಳು ಊದುತ್ತಿದ್ದ.

"ನೋಡಿ ಇವರೇ," ಎಂದ ಗಂಡ ಅವಳಿಗೆ, ತಲೆ ಎತ್ತದೆ, "ನಿಮ್ಮ ಕೋಣೆ ಕೆಲಸ ನೀವು ನೋಡಿಕೊಳ್ಳಿ. ಟೆಕ್ನಿಕಲ್ ವಿಷಯ ನಾನು ಸಾಹೇಬರಿಗೆ ವಿವರಿಸ್ತೀನಿ." ಡಿಪೋದಲ್ಲಿ ಮ್ಯಾನೇಜರ ಮುಂದೆ ಅವನು ಅವಳಿಗೆ ಬಹುವಚನ ಕೊಡುತ್ತಿದ್ದ. ಅದು ಮರ್ಯಾದೆಗಲ್ಲ, ದೂರಕ್ಕೆ.

ಸ್ಟೋರ್ ಕೀಪರ್ ಅಷ್ಟರಲ್ಲಿ ದಾಸ್ತಾನು ಪುಸ್ತಕದ 'ಬ' ಅಕ್ಷರದ ಹಾಳೆ ಹುಡುಕಿ ಓದತೊಡಗಿದ್ದ. "ಬಕೆಟ್ಟು ಆರು. ಬಲ್ಬು ನಲವತ್ತು. ಬೀಗ ಹನ್ನೊಂದು. ಬ್ರಷ್ಷು ಮೂರು. ಬುಗುರಿ ಇಲ್ಲವೇ ಇಲ್ಲ ಸಾರ್. ದಾಸ್ತಾನಿಗೆ ಬಾರದ ವಸ್ತು ಕಳೆದುಹೋಗಲು ನಿಯಮದಲ್ಲಿ ಅವಕಾಶವಿಲ್ಲ. ಮೊದಲು ಅದು ಬರಬೇಕು. ಆಮೇಲೆ ಬೇಕಾದರೆ ಕಳೆದುಹೋಗಲಿ."

ಈ ವಾದ ಮ್ಯಾನೇಜರಿಗೆ ಒಪ್ಪಿಗೆಯಾಯಿತು. ಕೂಡಲೇ ಅವರು ಎರಡು ಆಜ್ಞೆ ಹೊರಡಿಸಿದರು. ಒಂದು, ಸ್ಟೋರ್ ಕೀಪರ್ ಗುರುವಾರದೊಳಗೆ ದಾಸ್ತಾನಿನ ಕೊರತೆ ಸರಿಪಡಿಸುವುದು. ಎರಡು, ಸಿಸ್ಟಮ್ ಇನ್‌ಚಾರ್ಜ್ ಕಳೆದು ಸಿಕ್ಕ ವಸ್ತುಗಳ ವಿಭಾಗದಲ್ಲಿ ನಮೂನೆ ತುಂಬಿ ದೂರು ಕೊಡುವುದು. ಅಲ್ಲಿಯವರೆಗೆ ಪಟ್ಟಿ ಕೈಯಲ್ಲೇ ಬರೆಯುವುದು.

ಬುಧವಾರ ಗಂಡ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತ. ಅವನ ಹಿಂದೆ ಹಲ್ಲಿನ ಸೆಟ್ಟು ಕಳೆದುಕೊಂಡ ಮುದುಕರೊಬ್ಬರು ನಿಂತಿದ್ದರು.

"ವಸ್ತುವಿನ ಹೆಸರು?" ಎಂದಳು ಅವಳು, ಪೆನ್ನು ಹಿಡಿದು.

"ಗೊತ್ತಿಲ್ವೇನೇ ನಿನಗೆ? ಬರಿ, ಬರಿ."

"ದೂರುದಾರರ ಬಾಯಿಂದಲೇ ಬರಬೇಕು."

"ಬುಗುರಿ."

"ಬಣ್ಣ?"

"ಬಣ್ಣ ಇಲ್ಲ."

"ಅಳತೆ?"

"ಆಡ್ಕೋತೀಯಾ?"

"ಸ್ವಾಮೀ," ಎಂದರು ಹಿಂದಿನ ಮುದುಕರು, ಹಲ್ಲಿಲ್ಲದ ಬಾಯಲ್ಲಿ ಮಾತು ಗಾಳಿಯಾಗಿ ಬರುತ್ತಿತ್ತು. "ಬುಗುರಿಗೆ ಇಫ್ಟು ಹೊತ್ತಾ? ನಾನು ಊತ ಮಾಡಿ ಎರದು ದಿನ ಆಯ್ತು."

ನಮೂನೆಯ ಕೊನೆಯ ಸಾಲಿಗೆ ಬಂದಳು. ಅದರ ಕೆಳಗೆ ನಿಯಮ ಅಚ್ಚಾಗಿತ್ತು: ಮಾಲೀಕರಿಗೆ ಮಾತ್ರ ತಿಳಿದಿರಬಹುದಾದ ಒಂದಾದರೂ ಗುರುತು ಹೇಳದ ಹೊರತು ವಸ್ತುವನ್ನು ಯಾರಿಗೂ ಕೊಡತಕ್ಕದ್ದಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ಈ ನಿಯಮ ಮೀರಿದವಳಲ್ಲ. ಹಿಡಿಕೆಯ ಸೀಳು ಹೇಳಿಸದೆ ಕೊಡೆ ಕೊಟ್ಟವಳಲ್ಲ.

"ಗುರುತು? ಅದಕ್ಕೆ ಬುಗುರಿ ಅಂತ ಹೆಸರು ಯಾಕೆ ಬಂತು? ಅಷ್ಟು ಹೇಳಿ ಸಾಕು."

ಕೇಳುವಾಗ ಅವಳ ದನಿ ಒಂಚೂರು ಮೆತ್ತಗಾಗಿತ್ತು. ಯಾಕೆಂದರೆ ಬುಗುರಿ ಎಲ್ಲೂ ಹೋಗಿರಲಿಲ್ಲ. ಅವಳ ಬೆನ್ನ ಹಿಂದೆ, ಯಾರೋ ಬಿಟ್ಟುಹೋದ ನೀಲಿ ರೈನ್‌ಕೋಟು ಹೊದ್ದು ಡಿಪೋದ ಹಳೆಯ ಕಂಪ್ಯೂಟರು ಕೂತಿತ್ತು. ಎರಡು ವರ್ಷದ ಹಿಂದೆ ಹೊಸತು ಬಂದಾಗ ಇದನ್ನು ಗುಜರಿಗೆಂದು ಅವಳ ಕೋಣೆಗೆ ತಳ್ಳಿ ಎಲ್ಲರೂ ಮರೆತಿದ್ದರು. ಹಳೆಯ ಆರನೆಯದು, ಅದರ ಸಾಮಾನು, ಬುಗುರಿ, ಎಲ್ಲ ಅದರ ಹೊಟ್ಟೆಯಲ್ಲಿ ಹಾಗೇ ಇತ್ತು. ಈಗ ಅವಳು ಕೈ ತೋರಿಸಿದರೆ ಸಾಕಿತ್ತು. ತೋರಿಸಬೇಕೆಂದೂ ಇದ್ದಳು.

"ಹೆಸರಲ್ಲಿ ಏನಿದೆಯೇ?" ಎಂದ ಗಂಡ. "ನೀನೇ ಏನೋ ತಲೆಹರಟೆ ಹೆಸರಿಟ್ಟಿದ್ದೀಯ, ನಾನು ಅನುಭವಿಸ್ತಾ ಇದ್ದೀನಿ. ಬೇಗ ಸಹಿ ಹಾಕು, ನನಗೆ ಭಾಷಣ ಬರೆಯೋದಿದೆ."

ಅವಳು ಗುರುತಿನ ಸಾಲಿನಲ್ಲಿ 'ತಿಳಿದಿಲ್ಲ' ಎಂದು ಬರೆದು ಮುದ್ರೆ ಒತ್ತಿದಳು. ಆಮೇಲೆ ಮುದುಕರಿಗೆ ಅವರ ಹಲ್ಲು ಕೊಟ್ಟಳು. ಅವರು ಎಡಗಡೆಯ ಮುರುಕು ದವಡೆ ಹಲ್ಲಿನವರೆಗೆ ಗುರುತು ಹೇಳಿದ್ದರು.

ಒಂದು ಕಡೆ ನಿಲ್ಲದ ಹುಡುಗಿ ಅಂತ ಅಪ್ಪ ಅವಳನ್ನು ಬುಗುರಿ ಎನ್ನುತ್ತಿದ್ದರು. ಅಪ್ಪನ ಜೊತೆ ಆ ಹೆಸರೂ ಹೋಗಿತ್ತು. ಪ್ರೋಗ್ರಾಮಿನಲ್ಲಿ ಪಾಳಿ ತಿರುಗಿಸುವ ಭಾಗ ಬರೆಯುವಾಗ ಅದು ಹೇಗೋ ವಾಪಸು ಬಂತು. ಒಂದು ವಾರ ಬೆಳಗಿನ ಮೊದಲ ಬಸ್ಸು ಹತ್ತಿದವರಿಗೆ ಮುಂದಿನ ವಾರ ಅದು ಬೀಳದಂತೆ, ಕೂಸಿರುವ ಕಂಡಕ್ಟರಮ್ಮನ ಮೇಲೂ ಯೂನಿಯನ್ ಮುಖಂಡನ ಮೇಲೂ ಒಂದೇ ಭಾರ ಬರುವಂತೆ ಎಲ್ಲರನ್ನೂ ಸುತ್ತಿಸುವ ಭಾಗ ಅದು. ಇದ್ದುದರಲ್ಲಿ ಅತಿ ಕಷ್ಟದ್ದು. ಅದಕ್ಕೊಂದು ಹೆಸರು ಬೇಕಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಟ್ಟಳು.

ಅದೇ ದಿನ ಸಂಜೆ ಮನೆಯಲ್ಲಿ ಗಂಡ ಊಟದ ತಟ್ಟೆಯ ಪಕ್ಕ ಭಾಷಣದ ಹಾಳೆ ಇಟ್ಟುಕೊಂಡು ಓದುತ್ತಿದ್ದ. "ಈ ಪ್ರೋಗ್ರಾಮ್ ನನ್ನ ಒಂಬತ್ತು ವರ್ಷದ ತಪಸ್ಸು..." ಅತ್ತೆ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರಿಗೆ ಬೆಳಿಗ್ಗೆ ತಿಂದದ್ದು ಸಂಜೆಗೆ ಮರೆಯುತ್ತಿತ್ತು. ಇಪ್ಪತ್ತು ವರ್ಷದ ಹಿಂದಿನದು ನಿನ್ನೆ ಮೊನ್ನೆಯಂತೆ ನೆನಪಿರುತ್ತಿತ್ತು.

"ಏನೋ ಅದು, ಬುಗುರಿ ಬುಗುರಿ ಅಂತ ಎರಡು ದಿನದಿಂದ ಬಡಕೋತಿದ್ದೀಯ?"

"ಕಳೆದುಹೋಗಿದೆ ಅಮ್ಮ. ನಿನಗೆ ಅರ್ಥ ಆಗಲ್ಲ."

"ಯಾಕೆ ಅರ್ಥ ಆಗಲ್ಲ? ಇವಳಲ್ವೇನೋ ಬುಗುರಿ?" ಅತ್ತೆ ಚಾಕುವಿನ ತುದಿಯಿಂದ ಸೊಸೆಯನ್ನು ತೋರಿಸಿದರು. "ಮದುವೆ ದಿನ ನಮ್ಮ ಗಾಡಿ ಹೊರಟಾಗ ಇವರಪ್ಪ ಹಿಂದೆ ಓಡಿ ಬರ್ತಾ, ಬುಗುರೀ, ಬುಗುರೀ ಅಂತ ಕೂಗಲಿಲ್ವಾ? ನಾನು ಅಂದ್ಕೊಂಡೆ, ಇದೇನಪ್ಪಾ, ಈ ಮನುಷ್ಯ ಮಗಳು ಹೋಗೋ ಹೊತ್ತಲ್ಲಿ ಆಟದ ಸಾಮಾನು ಕೇಳ್ತಾನೆ ಅಂತ."

ಅವಳ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಉತ್ತರ ಇಗೋ, ತಟ್ಟೆಯ ಪಕ್ಕದಲ್ಲೇ ಬಿದ್ದಿತ್ತು. ಬಗ್ಗಿ ಎತ್ತಿಕೊಂಡರೆ ಮುಗಿಯಿತು. ಈಗ ಅವನು ತಲೆ ಎತ್ತಿ, ಹೌದೇನೇ, ನೀನೇನಾ, ಎಂದು ಒಂದು ಮಾತು ಕೇಳಿದರೆ ಸಾಕು, ಇಡೀ ಕಂಪ್ಯೂಟರನ್ನು ತಲೆಯ ಮೇಲೆ ಹೊತ್ತು ತಂದು ಅವನ ಮೇಜಿನ ಮೇಲೆ ಇಡುತ್ತಿದ್ದಳು. ಭಾಷಣವನ್ನೂ ತಿದ್ದಿಕೊಡುತ್ತಿದ್ದಳು.

"ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ?" ಎಂದ ಅವನು, ಹಾಳೆ ತಿರುವಿ. "ಇಲ್ಲಿ ಗಂಭೀರ ವಿಷಯ ನಡೀತಾ ಇದೆ. ಲೇ, 'ತಪಸ್ಸು' ಅನ್ನೋದಕ್ಕಿಂತ 'ಏಕಾಂಗಿ ಹೋರಾಟ' ಅಂದ್ರೆ ಹೇಗಿರುತ್ತೆ?"

"ಚೆನ್ನಾಗಿರುತ್ತೆ," ಎಂದಳು ಅವಳು.

ಗುರುವಾರ ಹಿರಿಯ ಅಧಿಕಾರಿ ಬಂದರು. ನರೆಗೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡ, ಕಡಿಮೆ ಮಾತಿನ ಹೆಂಗಸು. ಕಳೆದ ವಸ್ತುವಿನ ಕಡತ ಹಿಡಿದು ಕೊಡೆಯಕ್ಕನೂ ಬಾಗಿಲ ಬಳಿ ನಿಲ್ಲಬೇಕೆಂದು ಮ್ಯಾನೇಜರ್ ಹೇಳಿದ್ದರಿಂದ ಅವಳೂ ನಿಂತಿದ್ದಳು.

ಕಂಪ್ಯೂಟರಿನ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ, ಕೆಂಪು ಬಣ್ಣ ಬಳಿದ ಮರದ ಬುಗುರಿಯೊಂದು ವಿರಾಜಮಾನವಾಗಿತ್ತು. ಸ್ಟೋರ್ ಕೀಪರ್ ಕೊರತೆ ಸರಿಪಡಿಸಿದ್ದ. ದಾಸ್ತಾನು ಪುಸ್ತಕದಲ್ಲಿ ಬೀಗಕ್ಕೂ ಬ್ರಷ್ಷಿಗೂ ನಡುವೆ ಹೊಸ ಸಾಲು: ಬುಗುರಿ ಒಂದು, ಮರದ್ದು, ಹಗ್ಗ ಸಮೇತ.

"ಇದೇನು?" ಎಂದರು ಅಧಿಕಾರಿ.

"ಬದಲಿ ವ್ಯವಸ್ಥೆ ಮೇಡಂ," ಎಂದರು ಮ್ಯಾನೇಜರ್. "ಮೂಲ ಬುಗುರಿಯ ಬಗ್ಗೆ ತನಿಖೆ ನಡೀತಾ ಇದೆ."

"ಬುಗುರಿ ಅಂದ್ರೆ?"

ಎಲ್ಲರೂ ಗಂಡನ ಮುಖ ನೋಡಿದರು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. "ಅದು ಸಂಕ್ಷಿಪ್ತ ರೂಪ ಮೇಡಂ. ಬು ಅಂದ್ರೆ ಬುದ್ಧಿವಂತ. ಗು ಅಂದ್ರೆ ಗುಂಪು. ರಿ ಅಂದ್ರೆ... ರಿ ಅಂದ್ರೆ ರಿಪೇರಿ. ಬುದ್ಧಿವಂತ ಗುಂಪಿನ ರಿಪೇರಿ."

ಅಧಿಕಾರಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಯಾರೂ ನಗಲಿಲ್ಲ. ಗುಡಿಸುವ ಅಜ್ಜಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅಧಿಕಾರಿ ಆ ಮರದ ಬುಗುರಿ ಎತ್ತಿಕೊಂಡು, ಹಗ್ಗವನ್ನು ಅಭ್ಯಾಸವಾದ ಕೈಯಲ್ಲಿ ಬಿಗಿಯಾಗಿ ಸುತ್ತಿ, ನೆಲಕ್ಕೆ ಬೀಸಿದರು. ಅದು ಗುಂಯ್ ಎನ್ನುತ್ತ ಒಂದೇ ಕಾಲಲ್ಲಿ ಚೆನ್ನಾಗಿ ತಿರುಗಿತು. ಇಡೀ ಡಿಪೋ ಉಸಿರು ಹಿಡಿದು ನೋಡಿತು. ವಾಲಿತು, ಉರುಳಿತು, ಕಡತದ ಬೀರುವಿನ ಕೆಳಗೆ ಸೇರಿಕೊಂಡಿತು.

"ಈ ಪ್ರೋಗ್ರಾಮ್ ಬರೆದದ್ದು ನೀವೇನಾ?"

"ಹೌದು ಮೇಡಂ. ನನ್ನ ಏಕಾಂಗಿ..."

"ಯಾರೂ ಸಹಾಯ ಮಾಡಲಿಲ್ವಾ?"

ಗಂಡನ ಕಣ್ಣು ಕೋಣೆಯನ್ನು ಒಂದು ಸುತ್ತು ಹಾಕಿತು. ಮ್ಯಾನೇಜರ್ ಮೇಲೆ, ಬೀರುವಿನ ಮೇಲೆ, ಕಾವಲುಗಾರನ ಟೋಪಿಯ ಮೇಲೆ ಕೂತು ಎದ್ದು ಬಂತು. ಬಾಗಿಲ ಬಳಿ ಕಡತ ಹಿಡಿದು ನಿಂತವಳನ್ನು ಮಾತ್ರ ದಾಟಿಕೊಂಡು ಹೋಯಿತು.

"ಇಲ್ಲ ಮೇಡಂ."

"ಹಾಗಾದ್ರೆ ಇನ್ನೊಂದು ಸಲ ಬರೀರಿ. ಬರೆದವರಿಗೆ ಏನು ಕಷ್ಟ? ಎಷ್ಟು ದಿನ ಬೇಕು?"

ಅವನು ಬೆವರು ಒರೆಸಿಕೊಂಡ. "ಸ್ಫೂರ್ತಿ ಬರಬೇಕಲ್ಲ ಮೇಡಂ..."

"ಸೋಮವಾರದೊಳಗೆ ಬರಲಿ. ಬೆಳಿಗ್ಗೆ ಬಂದು ಪಟ್ಟಿ ನೋಡ್ತೀನಿ," ಎಂದು ಅವರು ಹೊರಟರು.

ಕಾರು ಗೇಟು ದಾಟುವ ಮೊದಲೇ ಗಂಡ ಕಿಟಕಿಗೆ ಬಂದಿದ್ದ. "ಲೇ, ಶನಿವಾರ ಭಾನುವಾರ ಎರಡು ದಿನ ಇದೆ. ಕೂತು ಬರೆದುಬಿಡು. ನಿನಗೇನು ಮಹಾ ಕೆಲಸ ಇದೆ, ಕೊಡೆ ಎಣಿಸೋದು ತಾನೆ? ಆಮೇಲೆ ನನಗೆ ಫಲಕ ಬಂದ್ರೆ ನಿನಗೂ ಹೆಮ್ಮೆ ಅಲ್ವಾ? ಈ ಸಲ ಹೆಸರು ಮಾತ್ರ ಸರಿಯಾಗಿಡು. ಮರ್ಯಾದಸ್ಥರು ಇಡೋವಂಥ ಹೆಸರು."

"ನೋಡೋಣ," ಎಂದಳು ಅವಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳ 'ನೋಡೋಣ'ಕ್ಕೆ 'ಆಗಲಿ' ಎಂದೇ ಅರ್ಥವಿತ್ತು. ಅವನು ಸಮಾಧಾನದಿಂದ ಹೋದ.

ಶುಕ್ರವಾರ ಮಧ್ಯಾಹ್ನ ಮೊದಲು ಬಂದವಳು ಕಂಡಕ್ಟರಮ್ಮ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಕೊಡೆಯಕ್ಕಾ, ನಿಮ್ಮ ಯಜಮಾನರು ಕೈಯಲ್ಲಿ ಪಟ್ಟಿ ಬರೆಯೋಕೆ ಶುರು ಮಾಡಿದ ಮೇಲೆ ನನಗೆ ಮೂರು ದಿನದಿಂದ ಮೊದಲ ಬಸ್ಸೇ. ಕೂಸನ್ನ ನಿದ್ದೆಯಲ್ಲೇ ಎತ್ತಿ ಪಕ್ಕದ ಮನೆಗೆ ಕೊಟ್ಟು ಬರ್ತೀನಿ. ಕೇಳಿದ್ರೆ ಕಂಪ್ಯೂಟರ್ ಕೆಟ್ಟಿದೆ, ಹೊಂದಿಕೊಳ್ಳಿ ಅಂತಾರೆ. ಯೂನಿಯನ್ನಿನವರಿಗೆ ಮಾತ್ರ ಯಾವತ್ತೂ ಹತ್ತು ಗಂಟೆ ಬಸ್ಸು. ಅದು ಯಾವಾಗ ಸರಿಹೋಗುತ್ತಕ್ಕಾ?"

"ಸೋಮವಾರ ನೋಡು," ಎಂದಳು ಅವಳು. ಬಾಯಿಂದ ಬಂದ ಮೇಲೆ ತಾನೇ ಒಂದು ಕ್ಷಣ ಬೆರಗಾದಳು.

ಎರಡನೆಯವಳು ಗುಡಿಸುವ ಅಜ್ಜಿ. ಸೆರಗಿನ ಗಂಟು ಬಿಚ್ಚಿ ಕೆಂಪು ಬುಗುರಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಬೀರು ಕೆಳಗಿತ್ತು. ನೀನೇ ಇಟ್ಕೋ ತಾಯಿ, ರಸೀದಿ ಕೊಡು. ಮೊಮ್ಮಗನಿಗೆ ಕೊಡ್ತಿದ್ದೆ ಅಂತ ಬಾಯಿ ತಪ್ಪಿ ಅಂದಿದ್ದಕ್ಕೇ ನನ್ನ ಊಟದ ಡಬ್ಬಿ ಬಿಚ್ಚಿಸಿದ್ರು." ಅವಳು ರಸೀದಿ ಬರೆದುಕೊಟ್ಟಳು. ಅಜ್ಜಿ ಅದನ್ನು ಎರಡು ಸಲ ಮಡಿಸಿ, ಡಬ್ಬಿಯೊಳಗೆ ಇಟ್ಟುಕೊಂಡಳು.

ಇಬ್ಬರೂ ಹೋದ ಮೇಲೆ ಅವಳು ಬಾಗಿಲ ಚಿಲಕ ಹಾಕಿದಳು. ರೈನ್‌ಕೋಟು ಸರಿಸಿ, ಮೇಲಿದ್ದ ಕೊಡೆಗಳನ್ನು ಕೆಳಗಿಟ್ಟು, ಗುಂಡಿ ಒತ್ತಿದಳು. ಹಳೆಯ ಯಂತ್ರ ಮಂಡಿನೋವಿನವರು ಏಳುವ ಹಾಗೆ ನರಳುತ್ತ ಎದ್ದಿತು. ಹೊಸ ಹೆಸರುಗಳನ್ನು ತುಂಬಿದಳು, ನಿವೃತ್ತರಾದವರನ್ನು ತೆಗೆದಳು, ಸೋಮವಾರದ ದಿನಾಂಕ ಕೊಟ್ಟಳು. ಕೆಂಪು ಅಕ್ಷರ ಬರಲಿಲ್ಲ. ಸಾಲಿನ ಮೇಲೆ ಸಾಲಾಗಿ ಪಟ್ಟಿ ಇಳಿಯಿತು. ಮೊದಲ ಬಸ್ಸಿಗೆ ಯೂನಿಯನ್ ಮುಖಂಡ. ಕಂಡಕ್ಟರಮ್ಮನಿಗೆ ಹತ್ತು ಗಂಟೆಯದು. ಎಲ್ಲಕ್ಕಿಂತ ಕೆಳಗೆ, 'ತಯಾರಿಸಿದವರು: ಸಿಸ್ಟಮ್ ಇನ್‌ಚಾರ್ಜ್.'

ಆ ಸಾಲಿನ ಮೇಲೆ ಅವಳ ಬೆರಳು ತುಸು ಹೊತ್ತು ನಿಂತಿತು. ಒಂಬತ್ತು ವರ್ಷದ ಹಿಂದೆ ಅದನ್ನು ಬರೆಯಲು ಒಂದು ನಿಮಿಷ ಹಿಡಿದಿತ್ತು. ಅಳಿಸಲೂ ಅಷ್ಟೇ ಹಿಡಿಯಿತು. ಅಲ್ಲಿ ಹಾಜರಿ ಪುಸ್ತಕದಲ್ಲಿದ್ದ ತನ್ನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಮೊದಲಕ್ಷರ ಸಮೇತ, ಬರೆದಳು.

ಆಮೇಲೆ ಕಡತದಿಂದ ಬುಧವಾರದ ನಮೂನೆ ತೆಗೆದಳು. ಅದರ ಹಿಂಬದಿಯಲ್ಲಿ ವಸ್ತು ಪಡೆದುಕೊಳ್ಳುವವರು ತುಂಬಬೇಕಾದ ಭಾಗವಿತ್ತು. ಗುರುತು: ಒಂದು ಕಡೆ ನಿಲ್ಲುವುದಿಲ್ಲ. ಪಡೆದವರ ಸಹಿ ಹಾಕಿದಳು. ಕೊಟ್ಟವರ ಸಹಿಯನ್ನೂ ಹಾಕಿ ಮುದ್ರೆ ಒತ್ತಿದಳು. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು.

ಸೋಮವಾರ ಬೆಳಿಗ್ಗೆ ಐದು ಗಂಟೆಗೆ, ಮೊದಲ ಬಸ್ಸು ಹೊರಡುವ ಮುಂಚೆ, ಪಟ್ಟಿ ಈ ಕಿಟಕಿಯ ಗಾಜಿನ ಒಳಬದಿಯಲ್ಲಿ, ಮುಖ ಹೊರಗೆ ಮಾಡಿ, ಅಂಟಿರುತ್ತದೆ. ಓದಬೇಕಾದವರು ಇಲ್ಲಿಗೇ ಬರಬೇಕು. ಅಧಿಕಾರಿಯೂ.

ರೈನ್‌ಕೋಟು ಮತ್ತೆ ಹೊದಿಸಿದಳು. ಕೊಡೆಗಳನ್ನು ಮೊದಲಿದ್ದಂತೆ ಮೇಲೆ ಜೋಡಿಸಿ, ಅವುಗಳ ನಡುವೆ ಚೀಟಿ ಕಟ್ಟಿದ ಕೆಂಪು ಬುಗುರಿಯನ್ನಿಟ್ಟಳು.

ಗೇಟಿನ ಬಳಿ ಗಂಡ ಕಾಯುತ್ತಿದ್ದ. "ಏನೇ, ಸುಳಿವೇನಾದರೂ ಸಿಕ್ಕಿತಾ ಆ ದರಿದ್ರ ಬುಗುರಿದು?"

"ಇನ್ನೂ ಯಾರೂ ಬಂದು ಗುರುತು ಹೇಳಿಲ್ಲ," ಎಂದಳು ಅವಳು.

ಹದಿನಾಲ್ಕು ವರ್ಷದಿಂದ ಕೋಣೆಯ ಕೀಲಿಯನ್ನು ಸಂಜೆ ಕಾವಲುಗಾರನ ಗೂಡಿನ ಮೊಳೆಗೆ ತೂಗುಹಾಕಿ ಹೋಗುವುದು ಪದ್ಧತಿ. ಕಾವಲುಗಾರ ಎಂದಿನಂತೆ ಕೈ ಚಾಚಿದ. ಅವಳು ಸೋಮವಾರ ಬೆಳಿಗ್ಗೆ ಬೇಗ ಬರಬೇಕಪ್ಪ ಎಂದು, ಕೀಲಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಗಂಡನಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು.